ಮಗ್ಗದ ಕೈಗೆ ಆಟೊಮ್ಯಾಟಿಕ್ ಗೇರು

ನಮ್ಮ ಯಜಮಾನರಿಗೆ ಎಡ ಮಂಡಿಯ ಆಪರೇಷನ್ ಆದಮೇಲೆ ಕ್ಲಚ್ ತುಳಿಯುವ ಕಾರು ಬೇಡ ಎಂದರು ಡಾಕ್ಟರು. ನನಗೆ ಕಾರೇ ಬೇಡ ಎಂದು ಕೇಳಿಸಿತು, ಅವರಿಗೆ ಆಟೊಮ್ಯಾಟಿಕ್ ತಗೊಳ್ಳಿ ಎಂದು ಕೇಳಿಸಿತು. ಮುಂದಿನ ತಿಂಗಳೇ ದೊಡ್ಡಬಳ್ಳಾಪುರದ ನಮ್ಮ ಮನೆ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂದು ನಿಂತಿತು. ಗೇರಿಗೆ ನಾಲ್ಕೇ ಅಕ್ಷರ. ಪಿ ಎಂದರೆ ನಿಲ್ಲಿಸಿ ಇಳಿಯುವುದಕ್ಕೆ, ಆರ್ ಹಿಂದಕ್ಕೆ, ಡಿ ಮುಂದಕ್ಕೆ. ನಡುವಿನ ಎನ್ ನ್ಯೂಟ್ರಲ್. ಆಗ ಇಂಜಿನ್ನಿಗೂ ಚಕ್ರಕ್ಕೂ ಮಾತುಕತೆ ಇಲ್ಲ. ಡಿಯಲ್ಲಿ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಕಾರು ತಾನಾಗಿಯೇ ಹೊರಡುತ್ತದೆ. ತಾನಾಗಿಯೇ ಹೊರಡುವ ಗಾಡಿಯನ್ನು ಯಾರಾದರೂ ನಂಬುತ್ತಾರೆಯೇ?

ಕಾಲು ನೋವಿನ ಚಿಂತೆಯಲ್ಲಿ ನಾನು ಅವರ ಕೈಯನ್ನು ಮರೆತಿದ್ದೆ. ಮೂವತ್ತು ವರ್ಷ ಪವರ್‌ಲೂಮ್ ನಡೆಸಿದ ಕೈ. ಎಳೆ ಕಡಿದರೆ, ಲಾಳಿ ಸಿಕ್ಕಿಕೊಂಡರೆ ಹ್ಯಾಂಡಲ್ ತಳ್ಳಿಬಿಡಬೇಕು, ಮಗ್ಗ ಅಲ್ಲೇ ನಿಲ್ಲುತ್ತದೆ. ಯೋಚಿಸುವ ಮೊದಲೇ ಕೈ ಹೋಗಿರುತ್ತದೆ.

ತುಂಬು ಬಸುರಿ ಮಗಳನ್ನು ಹೆರಿಗೆಗೆ ಕರೆತರಲು ಸಾಸಲಿಗೆ ಹೋದೆವು. ಅವಳ ಮನೆಯ ಅಂಗಳ ದನದ ಕೊಟ್ಟಿಗೆಯ ಕಡೆಗೆ ಇಳಿಜಾರು. ಗೇಟು ತೆರೆಯಲು ನಾನು ಇಳಿದೆ. ಮಗಳು ಕೊಟ್ಟಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಬನ್ನಿ ಬನ್ನಿ ಎಂದು ಕೈ ಬೀಸುತ್ತಿದ್ದಳು. ಕಾರು ಮೆಲ್ಲಗೆ ಇಳಿಯುತ್ತಿದ್ದಾಗ ಒಂದು ಕೋಳಿ ಅಡ್ಡ ಓಡಿತು. ಇವರ ಎಡಗೈ ಗೇರನ್ನು ಮುಂದಕ್ಕೆ ತಳ್ಳಿತು. ಡಿಯಿಂದ ಎನ್‌ಗೆ. ಕಾರು ನಿಲ್ಲುವುದಿರಲಿ, ಇನ್ನೂ ಸಲೀಸಾಗಿ ಜಾರತೊಡಗಿತು. ಇವರೋ ಮಗ್ಗ ನಿಲ್ಲಿಸಿದವರ ಹಾಗೆ ಕೂತಿದ್ದಾರೆ.

ಗೇಟು ಬಿಟ್ಟು ಕಾರಿನ ಪಕ್ಕಕ್ಕೆ ಓಡಿದೆ. ಕಿಟಕಿ ಬಡಿದು, "ಕಾಲು, ಕಾಲಲ್ಲಿ ಒತ್ರೀ" ಅಂದೆ.

ಬ್ರೇಕು ಬಿದ್ದಾಗ ಕಾರಿಗೂ ಅವಳ ಸೀರೆ ನೆರಿಗೆಗೂ ನಡುವೆ ಒಂದು ಗೇಣು ಉಳಿದಿತ್ತು.

ಬಸ್ಸಿನಲ್ಲಿ ಹೋಗೋಣ ಎಂದು ಹಟ ಹಿಡಿದೆ. ಮಗಳು ಅಪ್ಪನ ಬಿಳಿಚಿದ ಮುಖ ನೋಡಿದಳು. "ನಾನು ಅಪ್ಪನ ಜೊತೇಲೇ ಬರ್ತೀನಿ ಕಣಮ್ಮ" ಎಂದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು. ನಾನಿನ್ನೇನು ಮಾಡಲಿ? ಮುಂದೆ ಕೂತು, ಗೇರು ಡಿಗೆ ಬಿದ್ದದ್ದೇ ಅದರ ಮೇಲೆ ನನ್ನ ಬಲಗೈ ಇಟ್ಟೆ. ತೆಗಿ ಎಂದು ಗದರಿದರು. ತೆಗೆಯಲಿಲ್ಲ. ದಾರಿಯುದ್ದಕ್ಕೂ ಎದುರು ಬಂದ ಲಾರಿಗಳೆಲ್ಲ ನನ್ನ ಮಗಳಿಗೆಂದೇ ಬಂದಂತೆ ಕಾಣುತ್ತಿದ್ದವು.

ಊರ ಹತ್ತಿರ ಒಂದು ಬೈಕು ಅಡ್ಡ ನುಗ್ಗಿತು. ಇವರ ಕೈ ಗೇರಿಗೆ ಹಾರಿತು. ಸಿಕ್ಕಿದ್ದು ನನ್ನ ಕೈ. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು, ನಾನು ಅಲ್ಲಾಡಲಿಲ್ಲ. ತಳ್ಳಲು ಏನೂ ಸಿಗದೆ ಹೋದಾಗ ಅವರ ಕಾಲು ಬ್ರೇಕ್ ಒತ್ತಿತು.

ಕಾರು ನಿಂತಿತು. ಅವರ ಕೈ ಮಾತ್ರ ನನ್ನ ಕೈಯನ್ನು ಬಿಡದೆ ಬಿಗಿಯಾಗಿ ಹಿಡಿದೇ ಇತ್ತು. ಬೆಳಗಿನಿಂದ ಹೆದರಿದ್ದು ನಾನೊಬ್ಬಳೇ ಅಲ್ಲ ಎಂದು ಆಗ ತಿಳಿಯಿತು.

ಹಿಂದಿನಿಂದ ಮಗಳು ಏನಾಯಿತು ಎಂದು ಕೇಳಿದಳು.

"ಏನಿಲ್ಲ ಕಣೆ," ಅಂದೆ, "ನಿಮ್ಮಪ್ಪ ನನ್ನ ಕೈ ಹಿಡ್ಕೊಂಡವ್ರೆ."