ಇರುಳೂರಿನ ನಲವತ್ತೇಳನೇ ನಂಬರು

ಹರಿಹರದಲ್ಲಿ ಭಾನುವಾರದ ಬೆಳಗಿನ ಆರೂವರೆ. ಏಳಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ನೀರು ತುಂಬಿಕೊಳ್ಳಬೇಕೆಂದು ಮೈಲಮ್ಮ ಕೊಡ ಹಿಡಿದು ಓಡಾಡುತ್ತಿದ್ದಾರೆ. ಅವರ ಯಜಮಾನ ಏಕಾಂತಪ್ಪನವರಿಗೆ ಕರೆಂಟಿನ ಹಂಗಿಲ್ಲ. ಪೂರ್ವದ ಕಿಟಕಿಗೆ ಆನಿಸಿದ ಇಳಿಜಾರು ಮೇಜು, ಅದರ ಮೇಲೆ ಪಿನ್ನು ಚುಚ್ಚಿ ಹಾಸಿದ ಟ್ರೇಸಿಂಗ್ ಹಾಳೆ, ಕೈಯಲ್ಲಿ ಮಸಿ ಪೆನ್ನು. ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಾರೆ, ಗೆರೆ ಮುಗಿದ ಮೇಲೆ ಬಿಡುತ್ತಾರೆ. ಇವತ್ತು ಮಾತ್ರ ನಾಲ್ಕು ಗೆರೆಗೊಮ್ಮೆ ಎದ್ದು ಹಿತ್ತಲ ಬಾಗಿಲವರೆಗೆ ಹೋಗುತ್ತಾರೆ, ಸುಮ್ಮನೆ ನಿಲ್ಲುತ್ತಾರೆ, ಮತ್ತೆ ಬಂದು ಕೂರುತ್ತಾರೆ.

"ಗುರುವಾರದಿಂದ ಹಿಂಗೇ ಅದಾರೆ ನೋಡ್ರಿ," ಎನ್ನುತ್ತಾರೆ ಮೈಲಮ್ಮ. "ಉಣ್ಣಾಕೆ ಕುಂತ್ರೂ ತಾಟ್ನಾಗೆ ಬೆರಳಿಂದ ಗೆರೆ ಎಳೀತಾರೆ. ಯಾಕ ಅಂತ ಕೇಳಿದ್ರೆ ನಲವತ್ತೇಳು ಅಂತಾರೆ. ಏನ್ ನಲವತ್ತೇಳೋ ಏನೋ."

ಏಕಾಂತಪ್ಪನವರಿಗೆ ಐವತ್ತನಾಲ್ಕು. ಹುಟ್ಟಿದ್ದು ಕುಕ್ಕುವಾಡದಲ್ಲಿ. ದಾವಣಗೆರೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿರುವ ನಕ್ಷೆ ಅಂಗಡಿಯಲ್ಲಿ ಇಪ್ಪತ್ತೇಳು ವರ್ಷದಿಂದ ಟ್ರೇಸರ್. ಟ್ರೇಸರ್ ಅಂದರೆ ಇಷ್ಟೇ: ಯಾರೋ ಅಳೆದು, ಇನ್ಯಾರೋ ಬರೆದ ಹಳೇ ನಕ್ಷೆಯನ್ನು ಕೆಳಗಿಟ್ಟು, ಮೇಲೆ ಪಾರದರ್ಶಕ ಹಾಳೆ ಹಾಸಿ, ಕೂದಲೆಳೆ ಆಚೀಚೆ ಆಗದಂತೆ ಮಸಿಯಲ್ಲಿ ತಿದ್ದುವುದು. ಆ ಹಾಳೆಯಿಂದಲೇ ಅಮೋನಿಯದ ಯಂತ್ರದಲ್ಲಿ ಪ್ರತಿಗಳು ಬರುತ್ತವೆ. ನಕ್ಷೆಯ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಅಳೆದವರಿಗೊಂದು ಸಾಲು, ಬರೆದವರಿಗೊಂದು, ತಪಾಸಣೆ ಮಾಡಿದವರಿಗೊಂದು. ಟ್ರೇಸರಿಗೆ ಸಾಲಿಲ್ಲ.

ಹೋದ ವರ್ಷ ದಾವಣಗೆರೆ ಜಿಲ್ಲೆಯಾಯಿತು. ಊರಿಗೆಲ್ಲ ಸಂಭ್ರಮ, ಏಕಾಂತಪ್ಪನವರಿಗೆ ಕತ್ತುನೋವು. ಮೂರು ಜಿಲ್ಲೆಗಳಿಂದ ಬಂದು ಸೇರಿದ ತಾಲ್ಲೂಕುಗಳ ಹಳ್ಳಿ ನಕ್ಷೆಗಳೆಲ್ಲ ಹೊಸದಾಗಿ ತಯಾರಾಗಬೇಕು. ದಿನಕ್ಕೆ ಎರಡು ಹಾಳೆ, ಹಾಳೆಗೆ ಹೆಚ್ಚುಕಡಿಮೆ ನೂರಾನಲವತ್ತು ಸರ್ವೆ ನಂಬರು. ಬಲಗಣ್ಣಲ್ಲಿ ನೀರು ಸುರಿಯುತ್ತದೆ, ಅಮೋನಿಯದ ಘಾಟಿಗೆ ಮೂಗು ಸತ್ತು ಹೋಗಿದೆ. ತಪ್ಪಿದ ಗೆರೆಯನ್ನು ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುವುದು ಈ ಕಸುಬಿನ ರೂಢಿ. ಬೇರೆಯವರಿಗೆ ಒಂದು ಬ್ಲೇಡು ವಾರಕ್ಕೆ ಬಂದರೆ ಇವರಿಗೆ ಎರಡು ತಿಂಗಳು ಬರುತ್ತದೆ. ಇವರು ಬರೆದ ಹಾಳೆ ಕಚೇರಿಯಿಂದ ಒಮ್ಮೆಯೂ ವಾಪಸ್ಸು ಬಂದಿಲ್ಲ.

"ಒಂದು ನಂಬರು ಬಿಟ್ರೆ ಒಬ್ಬನ ಹೊಲ ಹೋತು ಅಂತ ತಿಳ್ಕಳ್ರಿ," ಎನ್ನುತ್ತಾರೆ. "ಹೊಲ ಅಲ್ಲೇ ಇರ್ತೈತೆ, ಕಾಗದದಾಗೆ ಇರಲ್ಲ. ಆಮ್ಯಾಲೆ ಅವನು ಕಚೇರಿ ಮೆಟ್ಲು ಹತ್ತಿ ಇಳಿದು ಸಾಯ್ಬೇಕು."

ಇಂಥ ಮನುಷ್ಯನ ಕೈಗೆ ಇಲ್ಲದ ಊರಿನ ನಕ್ಷೆ ಕೊಟ್ಟವಳು ವಾಣಿ. ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗಿ, ಅಂಗಡಿಗೆ ಡ್ರಾಯಿಂಗ್ ಪ್ರಿಂಟು ಹಾಕಿಸಲು ಬರುವವಳು. ಅವಳೂ ಅವಳ ನಾಲ್ವರು ಗೆಳೆಯರೂ ಭಾನುವಾರ ಮೇಜಿನ ಸುತ್ತ ಕೂತು ಒಂದು ಕತೆಯಾಟ ಆಡುತ್ತಾರೆ. ವಾಣಿ ಕತೆ ನಡೆಸುತ್ತಾಳೆ, ಉಳಿದವರು ಅದರೊಳಗೆ ಮಾಂತ್ರಿಕ, ಕಳ್ಳ, ಕತ್ತಿವೀರರಾಗಿ ತಿರುಗುತ್ತಾರೆ. ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ಅದು ದಾವಣಗೆರೆಯ ಯಾವ ಅಂಗಡಿಯಲ್ಲೂ ಸಿಗದೆ, ಸ್ಟೀಲ್ ಲೋಟದಲ್ಲಿ ಇಪ್ಪತ್ತು ಚೀಟಿ ಹಾಕಿ ಎತ್ತುತ್ತಾರೆ. ನಿಯಮದ ಪುಸ್ತಕವೋ, ಜೆರಾಕ್ಸಿನ ಜೆರಾಕ್ಸು. ಆ ಕತೆ ನಡೆಯಲು ಒಂದು ಊರು ಬೇಕಿತ್ತು. ವಾಣಿ ಅದಕ್ಕೆ ಇರುಳೂರು ಎಂದು ಹೆಸರಿಟ್ಟು, ಗ್ರಾಫ್ ಹಾಳೆಯ ಮೇಲೆ ಒಂದು ಗುಡ್ಡ, ಒಂದು ಕೆರೆ, ಎಂಟು ಮನೆ ಗೀಚಿ, ಚೆಂದ ಮಾಡಿಕೊಡಿ ಎಂದು ತಂದಳು.

ಏಕಾಂತಪ್ಪ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು. "ಈ ಊರಾಗೆ ಜನ ಏನ್ ತಿಂತಾರವ್ವಾ? ಒಂದು ಹೊಲ ಇಲ್ಲ."

"ನೀವೇ ಹಾಕ್ರಿ ಸರ್, ನಿಮಗೆ ಹೆಂಗೆ ಬೇಕೋ ಹಂಗೆ," ಎಂದುಬಿಟ್ಟಳು ಹುಡುಗಿ.

ಆ ಮಾತನ್ನು ಇಪ್ಪತ್ತೇಳು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ತಿಂಗಳ ಬೆಳಗುಗಳು ಅದರಲ್ಲೇ ಕಳೆದವು. ಹೊಲಗಳು ಬಂದವು, ಹಳ್ಳ ಬಂತು, ದನ ಮೇಯಲು ಗೋಮಾಳ ಬಂತು, ಸ್ಮಶಾನ ಬಂತು. ದಾರಿ ಇಲ್ಲದ ಹೊಲ ಒಂದೂ ಇರಬಾರದೆಂದು ಪ್ರತಿ ಹೊಲಕ್ಕೂ ಬಂಡಿದಾರಿ ಬಿಟ್ಟರು. ಬೇತಾಳ ವಾಸಿಸುವ ತೋಪಿಗೂ ಒಂದು ಕಾಲುದಾರಿ ಹಾಕಿದರು. ವಾಣಿ ಬಿದ್ದು ಬಿದ್ದು ನಕ್ಕಾಗ, "ಬೇತಾಳ ಆದ್ರೇನು, ಹೋಗಿ ಬರಾಕೆ ದಾರಿ ಬ್ಯಾಡೇನು?" ಎಂದು ಕೇಳಿದರು. ವಾಯವ್ಯ ಮೂಲೆಯಿಂದ ಶುರು ಮಾಡಿ ಹೊಲಗಳಿಗೆಲ್ಲ ನಂಬರು ಹಾಕಿದರು, ಒಂದರಿಂದ ನೂರಾಹನ್ನೆರಡು. ಕೆಳಮೂಲೆಯಲ್ಲಿ ವಾಣಿ ಹಟ ಹಿಡಿದು ಬರೆಸಿದಳು: ಬರೆದವರು, ಏಕಾಂತಪ್ಪ, ಕುಕ್ಕುವಾಡ. ಅದೊಂದು ಸಾಲು ಒಣಗುವವರೆಗೆ ಮೈಲಮ್ಮನನ್ನು ಕಿಟಕಿಯ ಹತ್ತಿರ ಸುಳಿಯಗೊಡಲಿಲ್ಲ.

ಆಟದವರು ಒಂದು ಪ್ರತಿ ಒಯ್ದರು. ಮೈಸೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಇದೇ ಆಟ ಆಡುವ ಗುಂಪುಗಳಿಗೆ ಮೂವತ್ತು ಪ್ರತಿ ಕಳಿಸುವುದೆಂದು ಮಾತಾಯಿತು. ಸೋಮವಾರ, ಅಂದರೆ ನಾಳೆ, ಪ್ರಿಂಟು. ಹೀಗಿರುವಾಗ ಗುರುವಾರ ಸಂಜೆ, ಆಟದಲ್ಲಿ ಕಳ್ಳನಾಗುವ ಬಸವಕಿರಣ್ ಅಂಗಡಿಗೆ ಬಂದವನು ಕಣ್ಣು ಹೊಡೆದು ಕೇಳಿದ: "ಸರ್, ನಲವತ್ತೇಳು ಎಲ್ಲಿ ಬಚ್ಚಿಟ್ಟೀರಿ?"

ಹುಡುಗ ತಮಾಷೆ ಮಾಡುತ್ತಿದ್ದಾನೆಂದು ಏಕಾಂತಪ್ಪ ನಕ್ಕರು. ಅವನು ಹೋದ ಮೇಲೆ ಮೂಲ ಹಾಳೆ ಬಿಚ್ಚಿದರು. ನಲವತ್ತಾರು. ಅದರ ಪಕ್ಕ ನಲವತ್ತೆಂಟು. ಹೊಲ ಬಿಟ್ಟಿರಲಿಲ್ಲ, ನಂಬರು ಹಾರಿತ್ತು.

"ಕೆಳಗೆ ಹಾಳೆ ಇಲ್ದೆ ಬರ್ದಿದ್ದು ಇದೇ ಮೊದ್ಲು," ಎನ್ನುತ್ತಾರೆ ಈಗ, ಪೆನ್ನಿನ ತುದಿ ಒರೆಸುತ್ತ. "ದಿನಾ ಕೆಳಗಿನ ನಂಬರು ನೋಡ್ಕಂಡು ಮೇಲೆ ಬರಿಯೋ ಕೈ. ಎಣಿಸೋ ರೂಢಿನೇ ಇಲ್ಲ. ನನ್ನ ಹೆಸರು ಒಂದೇ ಒಂದು ಕಾಗದದಾಗೆ ಬಂತು, ಅದ್ರಾಗೇ ಹಿಂಗಾತು."

ನಲವತ್ತೆಂಟರಿಂದ ನೂರಾಹನ್ನೆರಡರವರೆಗೆ ಕೆರೆದರೆ ಹಾಳೆ ಜರಡಿಯಾಗುತ್ತದೆ. ಹಾಗಾಗಿ ಇಡೀ ಊರನ್ನೇ ಹೊಸ ಹಾಳೆಗೆ ಇಳಿಸುತ್ತಿದ್ದಾರೆ. ಕೆಳಗಿರುವುದು ಅವರದೇ ನಕ್ಷೆ. ಒಂಬತ್ತೂವರೆಗೆ ಕೊನೆಯ ನಂಬರು ಬಿತ್ತು, ನೂರಾಹನ್ನೊಂದು. ಮೂರು ಸಲ ಎಣಿಸಿದರು. ಮಸಿ ಒಣಗಿದ್ದೇ ತಡ ಸುರುಳಿ ಸುತ್ತಿ ರಬ್ಬರು ಹಾಕಿ, ತಿಂಡಿಯನ್ನೂ ಮುಟ್ಟದೆ ದಾವಣಗೆರೆ ಬಸ್ಸು ಹತ್ತಿದರು. ಹದಿನಾಲ್ಕು ಕಿಲೋಮೀಟರು, ಸೀಟಿದ್ದರೂ ನಿಂತೇ ಹೋದರು.

ಆಟ ನಡೆಯುವುದು ಬಸವಕಿರಣ್ ಮನೆಯ ಮಹಡಿಯಲ್ಲಿ. ಏಕಾಂತಪ್ಪ ಬಾಗಿಲಲ್ಲಿ ನಿಂತಾಗ ಐದೂ ಜನ ನಕ್ಷೆಯ ಮೇಲೆ ಬಗ್ಗಿದ್ದಾರೆ. ವಾಣಿ ಇರುಳೂರಿನ ಗೌಡನಾಗಿ ಗಂಟಲು ದಪ್ಪ ಮಾಡಿಕೊಂಡು ಕೂತಿದ್ದಾಳೆ.

"ಗೌಡ್ರೆ, ನಲವತ್ತೇಳು ಯಾರ ಹೊಲ?" ಬಸವಕಿರಣ್ ಕೇಳುತ್ತಾನೆ.

"ನಮ್ಮ ಅಪ್ಪನ ಕಾಲಕ್ಕೂ ಯಾರೂ ಆ ಮಾತು ಎತ್ತಿಲ್ಲ," ಎನ್ನುತ್ತಾಳೆ ವಾಣಿ.

ಮೂರು ವಾರದಿಂದ ಇದೇ ಹುಡುಕಾಟವಂತೆ. ನಲವತ್ತಾರರ ಬದು ಅಗೆದಿದ್ದಾರೆ, ದನ ಕಾಯುವವನನ್ನು ಮಾತಾಡಿಸಿದ್ದಾರೆ. ರಾಜ ಅಳಿಸಿ ಹಾಕಿದ್ದಾನೆ ಎಂದು ಮಾಂತ್ರಿಕ, ಬೇತಾಳ ನುಂಗಿದೆ ಎಂದು ಕತ್ತಿವೀರ. ಕೇಳುತ್ತ ನಿಂತ ಏಕಾಂತಪ್ಪ ಸುರುಳಿ ಹಿಡಿದು ಒಳಗೆ ಬರುತ್ತಾರೆ.

"ಯಾರೂ ನುಂಗಿಲ್ರಪ್ಪಾ," ಎನ್ನುತ್ತಾರೆ. "ಅದು ನನ್ನ ಕೈ ತಪ್ಪು. ಸರಿ ಮಾಡಿ ತಂದೀನಿ."

ಎಲ್ಲರ ಕಣ್ಣು ಸುರುಳಿಯ ಮೇಲೆ.

"ಬ್ಯಾಡ್ರಿ ಸರ್," ಬಸವಕಿರಣ್ ಮೆಲ್ಲಗೆ ಹೇಳುತ್ತಾನೆ. "ಅದನ್ನ ಬಿಚ್ಚಿದ್ರೆ ಆಟ ಮುಗೀತು."

"ನಿಮಗೆ ಆಟ. ಕೆಳಗೆ ನನ್ನ ಹೆಸರೈತೆ. ನಾಳೆ ಮೈಸೂರಿನೋರು ಏನಂತಾರೆ, ಎಣಿಸಾಕೆ ಬರಲ್ಲ ಇವನಿಗೆ ಅನ್ನಲ್ಲೇನು?"

ವಾಣಿ ಗೌಡನ ಗಂಟಲು ಬಿಟ್ಟು ತನ್ನ ದನಿಯಲ್ಲೇ ಹೇಳುತ್ತಾಳೆ: "ಹೆಸರು ನಿಮ್ದೇ ಐತಲ್ಲ ಸರ್, ಅದಕ್ಕೇ ನಿಮ್ಮನ್ನೇ ಕೇಳ್ತೀವಿ. ಊರು ಬರೆದೋರು ನೀವು. ನಲವತ್ತೇಳು ಎಲ್ಲೈತೆ?"

ಏಕಾಂತಪ್ಪ ಮೇಜಿನತ್ತ ನೋಡುತ್ತಾರೆ. ನಕ್ಷೆಯ ಮಡಿಕೆಗಳು ಸವೆದಿವೆ, ಮಂಡಕ್ಕಿಯ ಎಣ್ಣೆ ತಾಗಿದೆ, ನಲವತ್ತಾರಕ್ಕೂ ನಲವತ್ತೆಂಟಕ್ಕೂ ನಡುವೆ ಆಟದವರು ತಿರುಗಾಡಿದ ಪೆನ್ಸಿಲ್ ಗುರುತು ಕಪ್ಪಗೆ ಕಟ್ಟಿದೆ. ತಾವು ಬರೆದ ಹಾಳೆಗಳನ್ನು ಕಚೇರಿಯವರು ಮಡಿಚಿ ಕಡತಕ್ಕೆ ಸೇರಿಸುವುದನ್ನು ಕಂಡಿದ್ದರು. ಹಾಳೆಯೊಳಗೆ ಮೂರು ವಾರ ಓಡಾಡಿದ ಜನರನ್ನು ಕಂಡಿರಲಿಲ್ಲ. ಬಿಚ್ಚಲು ಹೊರಟಿದ್ದ ರಬ್ಬರನ್ನು ಅವರ ಬೆರಳು ಹಾಗೇ ಬಿಡುತ್ತದೆ. ಸುರುಳಿಯನ್ನು ಬಾಗಿಲ ಹಿಂದೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ನಲವತ್ತೇಳು ಐತವ್ವಾ," ಎನ್ನುತ್ತಾರೆ. "ನಾನಿನ್ನೂ ಅದನ್ನ ಅಳತೆ ಮಾಡಿಲ್ಲ."