ಮಾವನಿಗೆ ನಾಲಿಗೆಯಾಗಿದ್ದ ವರ್ಷ

ಮಾವ ಅಂಗಡಿ ಮುಚ್ಚಿ ಇವತ್ತಿಗೆ ಹನ್ನೊಂದು ದಿನ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾರಣ. ಮಂಡಿನೋವಂತೆ. ಮಗ ಸಾಕು ಅಂದನಂತೆ. ಸೊಸೆ ಹೆತ್ತ ಮೇಲೆ ಕೈಲಾಗಲ್ಲ ಅಂದುಬಿಟ್ಟಳಂತೆ. ಈ ಕೊನೆಯದು ಬೇಕರಿಯ ಮುಂದೆ ನನ್ನ ಕಿವಿಗೇ ಬಿತ್ತು. ಹೇಳಿದಾಕೆ ನನ್ನನ್ನು ಕಂಡು ಕೈಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡಳು, ಅಷ್ಟೆ.

ನಿಜ ಗೊತ್ತಿರುವುದು ಮೂರು ಜನಕ್ಕೆ: ಮಾವನಿಗೆ, ನನಗೆ, ಸೇತುವೆ ಹತ್ತಿರದ ಇಸ್ತ್ರಿಯಣ್ಣನಿಗೆ. ನನ್ನ ಗಂಡನಿಗೂ ಪೂರ್ತಿ ಗೊತ್ತಿಲ್ಲ. ಮೂವರೂ ಬಾಯಿಬಿಡುವ ಪೈಕಿ ಅಲ್ಲ. ಮಗು ಮಲಗಿದೆ, ಒಲೆಯ ಮೇಲೆ ಏನೂ ಇಲ್ಲ. ಬರೆದಿಡುತ್ತೇನೆ.

ಬಸ್ ನಿಲ್ದಾಣದ ಹಿಂಗೋಡೆಗೆ ಒರಗಿದ ಹತ್ತಡಿಯ ಅಂಗಡಿಯಲ್ಲಿ ಮಾವ ಇಪ್ಪತ್ತೇಳು ವರ್ಷ ಒಂದೇ ಒಂದು ಪದಾರ್ಥ ಮಾಡಿದರು: ನಮ್ಮೂರಿನ ಸ್ಯಾಂಡ್‌ವಿಚ್. ಮುಂಗೈಯಷ್ಟು ಉದ್ದದ ಬ್ರೆಡ್ಡನ್ನು ಪುಸ್ತಕ ಬಿಡಿಸಿದ ಹಾಗೆ ಸೀಳಿ, ಒಳಗೆ ತೆಳ್ಳಗಿನ ಆಮ್ಲೆಟ್, ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಅದರ ಮೇಲೆ ಕೆಂಪು ಸಾಸು. ಇಷ್ಟೇ. ಪಕ್ಕದ ಊರಿನಲ್ಲಿ ಇದು ಸಿಗುವುದಿಲ್ಲ. ಸಿಕ್ಕರೂ ನಮ್ಮವರು ಮೂಗು ಮುರಿಯುತ್ತಾರೆ. ಊರಿನೊಳಗೆ ಮಾಡುವವರು ಇಬ್ಬರೇ. ಇಸ್ತ್ರಿಯಣ್ಣ ಕಾವಲಿಯ ಮೇಲಿಟ್ಟು ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಾರೆ, ಅದರಿಂದಲೇ ಆ ಹೆಸರು. ಮಾವ ಒತ್ತುತ್ತಿರಲಿಲ್ಲ. ಊರು ಎರಡು ಹೋಳಾಗುವುದಕ್ಕೆ ಇಷ್ಟು ಸಾಕಾಗಿತ್ತು.

ಮದುವೆಯಾಗಿ ಬಂದ ಮೊದಲ ವಾರವೇ ನಾನು ಆ ಜಗಳ ಕೇಳಿದ್ದೆ. ಅಂಗಡಿಯ ಬೆಂಚಿನ ಮೇಲೆ ಗಡಿಯಾರ ರಿಪೇರಿಯವರೂ ಪೋಸ್ಟ್‌ಮ್ಯಾನೂ ಅಕ್ಕಪಕ್ಕ ಕೂತಿದ್ದರು.

"ಒತ್ತಿದ್ರೆ ಅದು ಸ್ಯಾಂಡ್‌ವಿಚ್ ಏನಯ್ಯ? ಲಾರಿ ಹತ್ತಿದ ಹಾಗಿರುತ್ತೆ," ಅಂದರು ಗಡಿಯಾರದವರು.

"ಇಲ್ಲಿ ಸಾಸು ಮೊಣಕೈ ತನಕ ಸೋರುತ್ತಲ್ಲ, ಅದಕ್ಕೇನಂತೀರಿ? ನಿಮ್ಮ ಅಂಗಿ ಒಗೆಯೋರನ್ನ ಕೇಳಿ ನೋಡಿ," ಅಂದ ಪೋಸ್ಟ್‌ಮ್ಯಾನ್.

"ಮತ್ತೆ ನೀನ್ಯಾಕೆ ಇಲ್ಲಿ ಬಂದು ಮುಕ್ಕುತ್ತಿದೀಯ?"

"ಬೈಯೋಕೆ ಮೊದಲು ತಿನ್ನಬೇಕಲ್ಲ ಸ್ವಾಮಿ! ತಿನ್ನದೆ ಬೈದ್ರೆ ಅನ್ಯಾಯ ಆಗಲ್ವಾ?"

ಮಾವ ನಗಲಿಲ್ಲ, ತಲೆಯೂ ಎತ್ತಲಿಲ್ಲ. ಈರುಳ್ಳಿ ತಿರುವುತ್ತಲೇ ಇದ್ದರು. ಆದರೆ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಆ ಮಾತನ್ನು ಅಕ್ಷರ ಬಿಡದೆ ನನಗೆ ಒಪ್ಪಿಸಿದರು, ನಾನು ಅಲ್ಲಿರಲೇ ಇಲ್ಲವೇನೋ ಎಂಬಂತೆ. ಅತ್ತೆ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಆ ಬೆಂಚಿನ ಜಗಳ ಬಿಟ್ಟರೆ ಅವರಿಗೆ ಬೇರೆ ಸಂಭ್ರಮ ಇರಲಿಲ್ಲ.

ಸಾಸಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾವ ಸಾಸನ್ನು ಎಂದೂ ಹೊಸದಾಗಿ ಶುರುಮಾಡಿದವರಲ್ಲ. ದಿನದ ಕೊನೆಗೆ ಪಾತ್ರೆಯಲ್ಲಿ ಎರಡು ಸೌಟು ಉಳಿಸುವುದು, ಮಾರನೆಯ ಬೆಳಿಗ್ಗೆ ಅದಕ್ಕೇ ಟೊಮೇಟೊ, ಹುರಿದ ಬೆಳ್ಳುಳ್ಳಿ, ಮೆಣಸಿನ ಪುಡಿ, ವಿನೆಗರ್ ಸೇರಿಸಿ ಕುದಿಸುವುದು. ಅಳತೆ ಅಂತ ಇರಲಿಲ್ಲ. ನಿನ್ನೆಯದನ್ನು ಒಂದು ತೊಟ್ಟು ನೆಕ್ಕಿ, ಇವತ್ತಿನದನ್ನು ಒಂದು ತೊಟ್ಟು ನೆಕ್ಕಿ, ಎರಡೂ ಒಂದೇ ಅನ್ನಿಸುವ ತನಕ ತಿದ್ದುತ್ತಿದ್ದರು. "ಇಪ್ಪತ್ತೇಳು ವರ್ಷದ ಹಿಂದಿನ ಸಾಸು ಇದರಲ್ಲಿ ಇನ್ನೂ ಒಂದು ಹನಿ ಇದೆ ಕಣಮ್ಮ," ಅನ್ನುತ್ತಿದ್ದರು.

ಒಂದೂಕಾಲು ವರ್ಷದ ಹಿಂದೆ ಅವರಿಗೆ ಜ್ವರ ಬಂತು. ಆರು ದಿನ ಮಲಗಿ ಎದ್ದರು. ಏಳನೆಯ ದಿನ ಬೆಳಿಗ್ಗೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ಒಲೆ ಹಚ್ಚಿದರು, ಪಾತ್ರೆ ಇಟ್ಟರು, ಚಮಚ ಬಾಯಿಗಿಟ್ಟುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಅದೇ ಚಮಚ ತೊಳೆದು ನನ್ನ ಕೈಗೆ ಕೊಟ್ಟರು.

"ನೀನು ನೋಡಮ್ಮ."

"ನಾನ್ಯಾಕೆ ಮಾವ?"

"ನಂಗೆ ಬಿಸಿನೀರು ಕುಡಿದ ಹಾಗಿದೆ. ವಾಸನೇನೂ ಇಲ್ಲ, ರುಚೀನೂ ಇಲ್ಲ. ಯಾರಿಗೂ ಹೇಳ್ಬೇಡ. ನನ್ನ ಮಗನಿಗೂ ಬೇಡ. ಅವನು ಡಾಕ್ಟರು ಅಂತ ಓಡಾಡಿಸ್ತಾನೆ, ಊರಿಗೆಲ್ಲ ಗೊತ್ತಾಗುತ್ತೆ. ನಾಲಿಗೆ ಇಲ್ಲದ ಅಡುಗೆಯವನ ಹತ್ರ ಯಾರು ಬರ್ತಾರೆ?"

ಡಾಕ್ಟರ ಹತ್ತಿರ ನಾನೇ ಕದ್ದು ಕರೆದುಕೊಂಡು ಹೋದೆ. ರುಚಿ ಮರಳಿ ಬರಬಹುದು, ಬರದೆಯೂ ಇರಬಹುದು ಅಂದರು. ಬರಲಿಲ್ಲ.

ಹೀಗೆ ನಾನು ಮಾವನ ನಾಲಿಗೆಯಾದೆ. ದಿನಾ ಬೆಳಿಗ್ಗೆ ಗಂಡನಿಗೆ ಡಬ್ಬಿ ಕಟ್ಟಿ ಕಳಿಸಿ ಅಂಗಡಿಗೆ ಹೋಗುತ್ತಿದ್ದೆ. ಎರಡು ಚಮಚ, ಎರಡು ತೊಟ್ಟು. "ಉಪ್ಪು ಸರಿ ಇದೆ. ಹುಳಿ ಸ್ವಲ್ಪ ಬೇಕು." ಅವರು ಹಾಕುವರು, ನಾನು ನೋಡುವೆ. ನನ್ನ ಮಾತಿಗೆ ಒಂದು ಸಲವೂ ಎದುರಾಡಲಿಲ್ಲ. ಮನೆಯಲ್ಲಿ ಯಾರೂ ನನ್ನನ್ನು ಅಷ್ಟು ನಂಬಿದ್ದು ನನಗೆ ನೆನಪಿಲ್ಲ. ನನಗೂ ಒಳಗೊಳಗೇ ಹೆಮ್ಮೆ. ವಿನೆಗರ್ ಎಷ್ಟು ಚಮಚ ಬಿತ್ತು ಅಂತ ಈ ದಿನಚರಿಯಲ್ಲೇ ಬರೆದಿಡುವ ಅಭ್ಯಾಸ ಮಾಡಿಕೊಂಡೆ.

ಮೂರು ತಿಂಗಳಿಗೆ ಗರ್ಭಿಣಿಯಾದೆ.

ಆಗಿನ ನನ್ನ ಬಾಯಿಯನ್ನು ಏನೆಂದು ಹೇಳಲಿ! ನಿಂಬೆಹಣ್ಣನ್ನು ಸಿಪ್ಪೆ ಸಹಿತ ಕಚ್ಚುತ್ತಿದ್ದೆ. ಉಪ್ಪಿನಕಾಯಿ ಜಾಡಿ ನನ್ನ ಮಂಚದ ಕೆಳಗೇ ಇರುತ್ತಿತ್ತು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು, ಮಾವನೂ ನಗುತ್ತಿದ್ದರು. ಬೆಳಿಗ್ಗೆ ಅಂಗಡಿಯಲ್ಲಿ ಅದೇ ಬಾಯಿಯಿಂದ ನಾನು ಹೇಳುತ್ತಿದ್ದೆ: "ಹುಳಿ ಸಾಲದು ಮಾವ." ಮಾವ ಹಾಕುತ್ತಿದ್ದರು. ಇವತ್ತಿನದನ್ನು ನಿನ್ನೆಯದಕ್ಕೆ ಹೋಲಿಸಿದ್ದರಿಂದ, ನಿನ್ನೆಯದೂ ನನ್ನದೇ ಆಗಿದ್ದರಿಂದ, ಒಂದು ದಿನವೂ ನನಗೆ ಏನೂ ಹೆಚ್ಚುಕಡಿಮೆ ಅನ್ನಿಸಲಿಲ್ಲ.

ಇಬ್ಬರಿಗೂ ಹೊಳೆಯಲಿಲ್ಲವಲ್ಲ, ಅದೇ ಸೋಜಿಗ.

ಜನ ಸಿಟ್ಟಾಗಿ ಬಿಟ್ಟುಹೋಗಲಿಲ್ಲ. ಹಾಗೆ ಹೋಗಿದ್ದರೆ ಚೆನ್ನಾಗಿತ್ತು, ಕಾರಣವಾದರೂ ಕೇಳಬಹುದಿತ್ತು. ಮೊದಲು ಬೆಂಚಿನ ಮೇಲೆ ಜಗಳ ನಿಂತಿತು. ಗಡಿಯಾರದವರು ಬಂದು ಅರ್ಧ ತಿಂದು, ಉಳಿದರ್ಧ ಕಾಗದದಲ್ಲಿ ಸುತ್ತಿಕೊಂಡು, "ಯಾಕೋ ಹೊಟ್ಟೆ ಸರಿ ಇಲ್ಲ" ಅಂದು ಎದ್ದುಹೋಗುವರು. ಪೋಸ್ಟ್‌ಮ್ಯಾನ್ ಬೈಯುವುದನ್ನೇ ಬಿಟ್ಟ. ಅದು ಮಾವನಿಗೆ ತಟ್ಟಿದಷ್ಟು ಬೇರೇನೂ ತಟ್ಟಲಿಲ್ಲ. "ಅವನು ನಂಗೆ ಇವತ್ತು ಚೆನ್ನಾಗಿದೆ ಅಂದ," ಅಂದರು ಒಂದು ಸಂಜೆ, ಸಾವಿನ ಸುದ್ದಿ ತಂದವರ ಹಾಗೆ. "ಮರುಕದಿಂದ ಅಂದಿದ್ದು. ನನಗೆ ಗೊತ್ತಾಗಲ್ವಾ?"

ತಮಗೆ ವಯಸ್ಸಾಯಿತು, ಕೈ ನಡುಗುತ್ತಿದೆ, ಈರುಳ್ಳಿ ಸೀಯುತ್ತಿದೆ ಅಂತ ತಮ್ಮನ್ನೇ ತಾವು ಶಪಿಸಿಕೊಂಡರು. ನನ್ನ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಹೆರಿಗೆಗೆ ಮುಂಚೆ ನಾನೊಂದು ಜಾಣತನ ಮಾಡಿದೆ. ಎರಡು ತಿಂಗಳು ಬರಲಾಗುವುದಿಲ್ಲವಲ್ಲ ಅಂತ, ಅಳತೆಯನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಒಲೆಯ ಹಿಂದಿನ ಗೋಡೆಗೆ ಅಂಟಿಸಿದೆ. ಮಾವ ಅದನ್ನು ಒಂದು ಹನಿ ಮೀರದೆ ಪಾಲಿಸಿದರು.

ಹುಡುಗಿ ಹುಟ್ಟಿದಳು. ಎರಡು ತಿಂಗಳ ಮೇಲೆ ಅವಳನ್ನು ಎದೆಗೆ ಕಟ್ಟಿಕೊಂಡು ಅಂಗಡಿಗೆ ಹೋದೆ. ಬಸ್ಸುಗಳು ಬಂದು ನಿಂತಿದ್ದವು, ಬೆಂಚು ಖಾಲಿ. ಮಾವ ಮಗುವಿನ ಕೆನ್ನೆ ಮುಟ್ಟಿ, ಸೆರಗಿನಿಂದ ಒಲೆಯ ಹೊಗೆ ಮರೆಮಾಡು ಅಂದು, ಚಮಚ ಕೊಟ್ಟರು. ಬಾಯಿಗಿಟ್ಟೆ. ಹಲ್ಲು ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು.

"ಹೆಂಗಿದೆ?"

"ಸರಿಯಾಗಿದೆ ಮಾವ."

ಬರೆಯುವುದಕ್ಕೇ ನಾಚಿಕೆಯಾಗುತ್ತದೆ, ಆದರೂ ನಾನು ಹೇಳಿದ್ದು ಹಾಗೆಯೇ. ಮನೆಗೆ ಬಂದು ಮಗುವಿಗೆ ಹಾಲು ಕೊಡುತ್ತಾ ದಿನಚರಿ ಬಿಡಿಸಿದೆ. ಮೊದಲ ತಿಂಗಳು: ವಿನೆಗರ್ ಮೂರು ಚಮಚ. ಆಮೇಲೆ ನಾಲ್ಕು. ಐದು. ಆರೂವರೆ. ರಟ್ಟಿನ ಮೇಲೆ ಬರೆದದ್ದು ಒಂಬತ್ತು. ನನ್ನದೇ ಅಕ್ಷರ, ತಪ್ಪಿಸಿಕೊಳ್ಳುವಂತಿಲ್ಲ.

ನಾಲ್ಕು ದಿನ ನುಂಗಿಕೊಂಡೆ. ಐದನೆಯ ದಿನ ಹೇಳಿದೆ. ಬಟ್ಟೆ ಮಡಚುತ್ತಾ ಹೇಳಿದೆ, ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಮಾವ ದಿನಚರಿಯ ಆ ಪುಟಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು.

"ಬಸುರಿ ಬಾಯಿ," ಅಂದರು. "ನಂಗೆ ಹೊಳೀಬೇಕಿತ್ತು. ನಿಮ್ಮತ್ತೆ ಆಗ ಸುಣ್ಣದ ಗೋಡೆ ನೆಕ್ಕೋಳು." ದಿನಚರಿ ಮುಚ್ಚಿ ನನ್ನ ಕೈಗಿಟ್ಟು, "ನಿಂದೇನೂ ತಪ್ಪಿಲ್ಲಮ್ಮ. ಮೂರಕ್ಕೇ ಇಳಿಸೋಣ ಬಿಡು."

ಇಳಿಸಿದೆವು. ನೀರು ಬೆರೆಸಿದೆವು, ಹೊಸ ಟೊಮೇಟೊ ಸುರಿದೆವು. ಹುಳಿ ಹೋಯಿತು. ಆದರೆ ಅದು ಮಾವನ ಸಾಸಾಗಲಿಲ್ಲ. ಏನೋ ಇಲ್ಲ, ಏನು ಅಂತ ನನಗೆ ಹೇಳಲು ಬರಲಿಲ್ಲ. ಹತ್ತು ದಿನ ಹಾಗೇ ತಡಕಾಡಿದ ಮೇಲೆ ಮಾವ ಒಂದು ಮಧ್ಯಾಹ್ನ ಸ್ಯಾಂಡ್‌ವಿಚ್ ಒಂದನ್ನು ಡಬ್ಬಿಯಲ್ಲಿಟ್ಟು, "ನಡಿ, ಗೊತ್ತಿರೋನು ಒಬ್ಬನಿದಾನೆ," ಅಂದರು.

ಇಸ್ತ್ರಿಯಣ್ಣನ ಜೊತೆ ಅವರಿಗೆ ಮಾತಿಲ್ಲದೆ ಇಪ್ಪತ್ತು ವರ್ಷ. ಎದುರಾದರೆ ಇಬ್ಬರೂ ಗಂಟಲು ಸರಿಮಾಡಿಕೊಂಡು ಹೋಗುತ್ತಿದ್ದರು, ಅಷ್ಟೇ ಸಂಬಂಧ. ನಾವು ಒಳಗೆ ಕಾಲಿಟ್ಟಾಗ ಅವರು ಕಾವಲಿ ಉಜ್ಜುತ್ತಿದ್ದರು. ಅಲ್ಲೂ ಒಬ್ಬ ಗಿರಾಕಿ ಇರಲಿಲ್ಲ.

ಮಾವ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟು ಎಲ್ಲವನ್ನೂ ಹೇಳಿದರು: ಜ್ವರ, ನಾಲಿಗೆ, ನಾನು. ಒಂದನ್ನೂ ಮುಚ್ಚಿಡಲಿಲ್ಲ. ಇಸ್ತ್ರಿಯಣ್ಣ ಕೈ ಒರೆಸಿಕೊಂಡು ಒಂದು ತುತ್ತು ತಿಂದರು, ಕಣ್ಣು ಮುಚ್ಚಿಕೊಂಡು ಅಗಿದರು.

"ಇದು ನಿಂದಲ್ಲ," ಅಂದರು.

"ನಂದು ನಿಂಗೇನು ಗೊತ್ತು?"

"ಪ್ರತಿ ಶನಿವಾರ ನನ್ನ ಹೆಂಡ್ತಿ ನಿನ್ನಂಗಡಿಯಿಂದ ಕಟ್ಟಿಸ್ಕೊಂಡು ಬರ್ತಿದ್ಲು. ಯಾರಿಗೆ ಅಂದ್ಕೊಂಡಿದ್ದೆ?" ಅವರು ಇನ್ನೊಂದು ತುತ್ತು ತೆಗೆದುಕೊಂಡರು. "ನೀನು ಬೆಳ್ಳುಳ್ಳೀನ ಇನ್ನೇನು ಸೀದುಹೋಯ್ತು ಅನ್ನೋ ತನಕ ಬಿಡ್ತಿದ್ದೆ. ಈಗ ಹೆದರ್ಕೊಂಡು ಬೇಗ ಇಳಿಸ್ತಿದೀಯ. ಮೂಗಿಲ್ವಲ್ಲ, ಅದಕ್ಕೆ. ಈ ಹುಡುಗಿ ಹುಳಿ ತೆಗೆದಳು, ಸರಿ. ಇದನ್ನ ಇವಳು ಹೆಂಗೆ ತರ್ತಾಳೆ?"

ಮಗು ಮಿಸುಕಾಡಿತು. ನಾನು ಬೆನ್ನು ತಟ್ಟುತ್ತಾ ಬಾಗಿಲ ಹತ್ತಿರ ನಿಂತೆ.

"ಒಂದು ಕೆಲಸ ಮಾಡೋಣ," ಅಂದರು ಇಸ್ತ್ರಿಯಣ್ಣ, ದನಿ ತಗ್ಗಿಸಿ. "ಬೆಳಿಗ್ಗೆ ಬೆಳಿಗ್ಗೆ ನಾನೇ ಬಂದು ನೋಡಿ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ. ನಂಗೂ ಬೇಕಾಗಿದೆ ಮಾರಾಯ. ನಿನ್ನ ಬೆಂಚಲ್ಲಿ ಜಗಳ ನಿಂತ ಮೇಲೆ ಇಲ್ಲಿಗೂ ಯಾರೂ ಬರ್ತಿಲ್ಲ. ಹೋಲಿಸೋಕೆ ಒಂದು ಇಲ್ದಿದ್ರೆ ನಂದನ್ನ ಯಾಕೆ ತಿಂತಾರೆ?"

ಒಪ್ಪಿಕೊಳ್ಳುತ್ತಾರೆ ಅಂತಲೇ ನಾನು ಅಂದುಕೊಂಡೆ. ಒಪ್ಪಿಕೊಳ್ಳಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲಪ್ಪ," ಅಂದರು ಮಾವ. "ನೀನು ಸರಿ ಅಂದಿದ್ದೇ ಸರಿ ಅಂತ ನಾನು ಮಾರ್ಬೇಕು. ಆಗ ಜನ ಎರಡೂ ಕಡೆ ತಿನ್ನೋದು ನಿನ್ನ ಕೈದೇ. ಎರಡೂ ನಿಂದೇ ಆದ್ಮೇಲೆ ಯಾವುದು ಚೆನ್ನಾಗಿದೆ ಅಂತ ಜಗಳ ಆಡೋರು ಯಾಕೆ ಆಡ್ಬೇಕು?"

"ಜಂಬ ಬಿಡೋ."

"ಜಂಬ ಅಲ್ಲ ಕಣೋ. ಇದ್ದಿದ್ರೆ ಇಲ್ಲಿಗೆ ಬರ್ತಿದ್ನಾ?"

ಇಸ್ತ್ರಿಯಣ್ಣ ಆಮೇಲೆ ಒತ್ತಾಯ ಮಾಡಲಿಲ್ಲ. ಕಾವಲಿ ಕಾಯಿಸಿ, ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿ, ಒಂದು ಸ್ಯಾಂಡ್‌ವಿಚ್ ಮಾಡಿ ಕಾಗದದಲ್ಲಿ ಸುತ್ತಿ ಮಾವನ ಕೈಗೆ ಕೊಟ್ಟರು. ಮಾವ ಅದುವರೆಗೆ ಅವರದನ್ನು ಒಮ್ಮೆಯೂ ತಿಂದವರಲ್ಲ.

ಸೇತುವೆಯ ಕಟ್ಟೆಯ ಮೇಲೆ ಕೂತೆವು. ಮಾವ ಕಾಗದ ಬಿಡಿಸಿ ಅರ್ಧ ಮುರಿದು ನನಗೆ ಕೊಟ್ಟು, ಉಳಿದದ್ದನ್ನು ನಿಧಾನವಾಗಿ ತಿಂದರು.

"ಗರಿಗರಿ ಆಗಿದೆ. ಅಷ್ಟು ಗೊತ್ತಾಗುತ್ತೆ," ಅಂದರು. "ರುಚಿ ನೀನು ಹೇಳು."

ನಾನು ತಿಂದೆ, ಹೇಳಿದೆ. ಈರುಳ್ಳಿ ಸಿಹಿಯಾಗಿದೆ, ಸಾಸು ಬ್ರೆಡ್ಡಿನೊಳಗೆ ಇಳಿದಿದೆ, ಕೊನೆಗೆ ಮೆಣಸಿನ ಖಾರ ನಾಲಿಗೆಯ ಹಿಂದೆ ನಿಲ್ಲುತ್ತದೆ ಅಂತ. ಮಾವ ತಲೆಯಾಡಿಸುತ್ತಾ ಕೇಳಿದರು. ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗಿತ್ತು ಅವರ ಮುಖ.

"ನಂದಕ್ಕಿಂತ ಚೆನ್ನಾಗಿದ್ಯಾ?"

ಇಲ್ಲ ಅನ್ನಬಹುದಿತ್ತು. ಒಂದು ಸಲ ಸುಳ್ಳು ಹೇಳಿ ಅದರ ಫಲ ನೋಡಿದ್ದೆ.

"ನಿಮ್ಮದು ಹೆಂಗಿತ್ತು ಅಂತ ನಂಗೆ ಸರಿಯಾಗಿ ನೆನಪಾಗ್ತಿಲ್ಲ ಮಾವ."

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ನಂಗೂ," ಅಂದರು. ಮಗುವನ್ನು ನನ್ನಿಂದ ಎತ್ತಿಕೊಂಡು ಎದ್ದರು.

ಮರುದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಎರಡು ಸೌಟು ಉಳಿದಿದ್ದ ಪಾತ್ರೆಯನ್ನು ಹಿಂದಿನ ಚರಂಡಿಗೆ ತಂದು ಬಗ್ಗಿಸಿದರು. ಅದು ದಪ್ಪಗಿತ್ತು, ತಡೆತಡೆದು ಬಿತ್ತು. ತಳಕ್ಕೆ ಹತ್ತಿದ್ದನ್ನು ಸೌಟಿನಿಂದ ಕೆರೆದರು, ಎರಡು ತಂಬಿಗೆ ನೀರು ಹಾಕಿ ತೊಳೆದರು. ಗೋಡೆಯ ರಟ್ಟನ್ನು ನಾನು ಕಿತ್ತೆ. ಅಂಟು ಗಟ್ಟಿಯಾಗಿತ್ತು, ಸುಣ್ಣವೂ ಜೊತೆಗೇ ಎದ್ದು ಬಂತು.