ನೀಲಿ ಪೆನ್ಸಿಲಿನ ಗೀಟು

ಮೊನ್ನೆ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸೊಬ್ಬಳು ನನ್ನ ಚೀಟಿಯ ಮೇಲೆ ನೀಲಿ ಪೆನ್ಸಿಲಿನಿಂದ ಓರೆಯಾಗಿ ಒಂದು ಗೀಟು ಎಳೆದಳು. ಮೇಣದಂಥ ಅದರ ವಾಸನೆ ಮೂಗಿಗೆ ಬಡಿಯಿತು. ಬೆಂಚಿನ ಮೇಲೆ ಕೂತಲ್ಲೇ ಆ ಗೀಟಿನ ಮೇಲೆ ಹೆಬ್ಬೆರಳು ಸವರಿದೆ. ಆದವಾನಿಯ ರೈಲು ಸ್ಟೇಷನ್ನು, ಅದರ ಕಬ್ಬಿಣದ ಗೇಟು, ಗೇಟಿನಲ್ಲಿ ನಿಂತಿರುತ್ತಿದ್ದ ಕಾಕಾ...

ಅವರು ನಮ್ಮ ಪಕ್ಕದ ಮನೆಯವರು, ಸ್ಟೇಷನ್ನಿನಲ್ಲಿ ಟಿಕೆಟ್ ಕಲೆಕ್ಟರ್. ನೆಂಟಸ್ತಿಕೆ ಇರಲಿಲ್ಲ, ಕಾಕಾ ಎಂದು ಕರೆಯುತ್ತಿದ್ದೆ, ಅಷ್ಟೆ. ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನನ್ನನ್ನು ಓದಿಸಿರೆಂದು ಹತ್ತಿ ವ್ಯಾಪಾರದ ನಮ್ಮಪ್ಪನ ಬೆನ್ನು ಹತ್ತಿದವರು ಅವರೇ. ಮುಂದೆ ಕೋಸಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಾಗ, ಒಂಟಿ ಹೆಂಗಸು ರೈಲು ಹತ್ತುವುದೇ ಎಂದು ಓಣಿಯೆಲ್ಲ ಗುಸುಗುಸು ಎದ್ದಿತು.

"ಗೇಟಿನ್ಯಾಗ ನಾ ಇರ್ತೀನಿ. ಆಕಿ ಹೋಗೋದೂ ನಾ ನೋಡ್ತೀನಿ, ಬರೋದೂ ನಾ ನೋಡ್ತೀನಿ. ನಿಮಗ್ಯಾಕ್ರಿ ಚಿಂತಿ?" ಎಂದು ಕಾಕಾ ಎಲ್ಲರ ಬಾಯಿ ಮುಚ್ಚಿಸಿದರು. ಸೋಮವಾರ ಹೋಗುತ್ತಿದ್ದೆ, ಶನಿವಾರ ಮಧ್ಯಾಹ್ನ ಬರುತ್ತಿದ್ದೆ.

ಆಗಿನ ಟಿಕೆಟ್ಟೆಂದರೆ ದಪ್ಪ ರಟ್ಟಿನ ಸಣ್ಣ ತುಂಡು. ಹತ್ತುವ ಸ್ಟೇಷನ್ನಿನಲ್ಲೇ ಕತ್ತರಿಯಿಂದ ಅದರ ಅಂಚಿಗೆ ಕಚ್ಚು ಹಾಕುತ್ತಿದ್ದರು. ಒಂದೊಂದು ಸ್ಟೇಷನ್ನಿನ ಕಚ್ಚು ಒಂದೊಂದು ಆಕಾರ. ಇಳಿದವರ ಟಿಕೆಟ್ಟನ್ನು ಕಾಕಾ ನೋಡುತ್ತಲೇ ಇರಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಸವರಿ "ಕೋಸಗಿ", "ರಾಯಚೂರು" ಎಂದುಬಿಡುತ್ತಿದ್ದರು. ಇಪ್ಪತ್ತು ವರ್ಷದ ಕೈಚಳಕ ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಯುದ್ಧದ ಕಾಲಕ್ಕೆ ಪದ್ಧತಿ ಬದಲಾಯಿತು. ಹಳೆಯ ಟಿಕೆಟ್ಟಿನಲ್ಲೇ ಮತ್ತೆ ತಿರುಗುವವರು ಹೆಚ್ಚಾದರೆಂದು, ಗಾಡಿಯೊಳಗೇ ಒಬ್ಬ ಪರೀಕ್ಷಕ ಬಂದು ನೀಲಿ ಪೆನ್ಸಿಲಿನಿಂದ ಗೀಟು ಎಳೆಯತೊಡಗಿದ. ಗೀಟಿಲ್ಲದವರನ್ನು ಗೇಟಿನಲ್ಲಿ ತಡೆದು ಕೂರಿಸಬೇಕೆಂದು ಹುಕುಂ ಆಯಿತು. ಕಚ್ಚು ಬೆರಳಿಗೆ ಸಿಗುತ್ತದೆ. ಗೀಟು ಸಿಗುವುದಿಲ್ಲ.

ಒಂದು ಶನಿವಾರ ಪರೀಕ್ಷಕ ನಮ್ಮ ಡಬ್ಬಿಗೆ ಬರಲೇ ಇಲ್ಲ. ಅದನ್ನು ಕಾಕಾನಿಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಟಿಕೆಟ್ಟನ್ನು ಬಿಸಿಲಿಗೆ ಹಿಡಿದು, "ಗೀಟು ಸರಿ ಐತವ್ವಾ, ನಡಿ" ಎಂದರು. ಗೀಟೇ ಇಲ್ಲದ ಟಿಕೆಟ್ಟು! ನಾನು ಗೇಟು ದಾಟಿ ಮನೆಗೆ ಬಂದೆ.

ಸಂಜೆ ಕೇಳಿದಾಗ ತಲೆ ತಗ್ಗಿಸಿದರು. "ಕಣ್ಣಾಗ ಪೊರಿ ಬಂದೈತವ್ವಾ. ಮಂದಿ ಕಾಣ್ತಾರ, ಗೀಟು ಕಾಣಂಗಿಲ್ಲ. ಇನ್ನ ಎರಡು ವರ್ಷ ದಾಟಿದ್ರ ನೌಕರಿ ಮುಗೀತದ. ಯಾರ ಮುಂದೂ ಚೆಪ್ಪಬ್ಯಾಡ."

ನನಗೆ ಬದುಕು ಕೊಟ್ಟ ಮನುಷ್ಯ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕೆಲ ದಿನ ಅವರು ಎಲ್ಲರನ್ನೂ ಬಿಟ್ಟರು. ಗೀಟಿಲ್ಲದ ಟಿಕೆಟ್ಟುಗಳು ಹೊರಬಿದ್ದು ಮೇಲಿನವರು ಬೈದ ಮೇಲೆ, ನೋಡುತ್ತಿದ್ದೇನೆಂದು ತೋರಿಸಲು ಆಗೊಬ್ಬರು ಈಗೊಬ್ಬರನ್ನು ನಿಲ್ಲಿಸತೊಡಗಿದರು. ಎದುರು ಮಾತಾಡಲಾರದಂಥವರನ್ನೇ... ಇದನ್ನು ಆಮೇಲೆ ಅವರೇ ನನಗೆ ಹೇಳಿದ್ದು.

ಬೇಸಿಗೆಯ ಒಂದು ಶನಿವಾರ ಕೋಸಗಿಯಲ್ಲಿ ಕುರಿ ಕಾಯುವ ಮನೆಯ ಹೆಂಗಸೊಬ್ಬಳು ನನ್ನ ಡಬ್ಬಿಗೇ ಹತ್ತಿದಳು. ಹೆಗಲ ಮೇಲೆ ಮೂರು ವರ್ಷದ ಹೆಣ್ಣು ಕೂಸು. ಮೈ ಕೆಂಡದಂತೆ ಸುಡುತ್ತಿತ್ತು. ಆದವಾನಿಯ ಆಸ್ಪತ್ರೆಗೆ ಹೊರಟಿದ್ದಳು. ನಾನು ನೀರು ಕೊಟ್ಟೆ, ಸೆರಗಿನಿಂದ ಗಾಳಿ ಹಾಕಿದೆ. ಪರೀಕ್ಷಕ ಬಂದು ನಮ್ಮಿಬ್ಬರ ಟಿಕೆಟ್ಟಿಗೂ ಗೀಟು ಎಳೆದದ್ದನ್ನು ಕಣ್ಣಾರೆ ಕಂಡೆ.

ಗೇಟಿನಲ್ಲಿ ಕಾಕಾ ಅವಳ ಟಿಕೆಟ್ಟು ಹಿಡಿದು ನಿಂತರು. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬ ಹತ್ತು ಮಾರು ದೂರದಲ್ಲಿ ಸ್ಟೇಷನ್ ಮಾಸ್ತರರ ಜೊತೆ ಮಾತಾಡುತ್ತಿದ್ದ.

"ಗೀಟಿಲ್ಲ. ಸಾಹೇಬ್ರು ಬರೋ ತನಕ ಅಲ್ಲಿ ಕೂಡು" ಎಂದರು ಕಾಕಾ.

"ಹಾಕ್ಯಾರ್ರೀ! ಈ ಟೀಚರಮ್ಮನ್ನ ಕೇಳ್ರಿ, ಆಕಿ ನೋಡ್ಯಾಳ," ಎಂದು ಅವಳು ನನ್ನ ಕಡೆ ತಿರುಗಿದಳು.

ಕಾಕಾನ ಮುಖ ಬಿಳುಪೇರಿತು. ಗೀಟು ಇದೆ ಎಂದು ನಾನು ಹೇಳಿದರೆ ಟಿಕೆಟ್ಟು ಆ ಅಧಿಕಾರಿಯ ಕೈಗೆ ಹೋಗುತ್ತದೆ. ಇಷ್ಟು ದಪ್ಪ ಗೀಟು ಕಾಣಲಿಲ್ಲವೇ ಎಂದು ಅವನು ಕೇಳುತ್ತಾನೆ. ಅವನು ಅತ್ತ ಹೋದ ಕೂಡಲೇ ಕಾಕಾ ಅವಳನ್ನು ಬಿಡುತ್ತಾರೆ, ಐದು ನಿಮಿಷದ ಮಾತು ಎಂದುಕೊಂಡೆ. ನಾನು ನೆಲ ನೋಡುತ್ತ ಗೇಟು ದಾಟಿ ಹೋದೆ.

ಐದು ನಿಮಿಷವಲ್ಲವೆಂದು ಆಮೇಲೆ ತಿಳಿಯಿತು. ಸಿಪಾಯಿಗಳ ಗಾಡಿ ಬಂತು, ಮಾಸ್ತರರು ಅದರ ಗಡಿಬಿಡಿಯಲ್ಲಿ ಬಿದ್ದರು, ಅಧಿಕಾರಿ ಅಲ್ಲಿಂದ ಕದಲಲಿಲ್ಲ. ಎರಡು ತಾಸು ಅವಳು ತಗಡಿನ ಚಪ್ಪರದ ಕೆಳಗೆ ಕೂತಿದ್ದಳು. ಕೊನೆಗೆ ಮಾಸ್ತರರು ಟಿಕೆಟ್ಟು ನೋಡಿ, "ಗೀಟು ಇದೆಯಲ್ಲಯ್ಯ!" ಎಂದು ಅವಳನ್ನು ಕಳಿಸಿದರು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಕೂಸು ಹೋಯಿತು.

ಮರುದಿನ ಸುದ್ದಿ ತಿಳಿದ ಕಾಕಾ ಅನ್ನ ಮುಟ್ಟಲಿಲ್ಲ. ಸೋಮವಾರ ಕತ್ತರಿಯನ್ನು ಮಾಸ್ತರರ ಮೇಜಿನ ಮೇಲಿಟ್ಟು, "ನನಗ ಕಣ್ಣಿಲ್ರಿ. ವರ್ಷಾತು" ಎಂದು ಹೇಳಿ ಹೊರಬಂದರು. ಮುಂದಿನ ವಾರ ನನ್ನ ಕೈ ಹಿಡಿದು ಆ ಹೆಂಗಸಿನ ಹಳ್ಳಿಗೆ ಬಂದರು. ಕೋಸಗಿಯಿಂದ ಎರಡು ಹರದಾರಿ, ಎರೆಹೊಲದ ದಾರಿ.

ಅವಳು ಕುರಿ ಹಟ್ಟಿಯ ಮುಂದೆ ಕೂತಿದ್ದಳು. ಕಾಕಾ ಮಣ್ಣಿನಲ್ಲಿ ಮೊಣಕಾಲೂರಿ, ಕಾಣದೆ ಹಿಡಿದೆನೆಂದು ಅತ್ತರು. ಅವಳು ಬಹಳ ಹೊತ್ತು ಅವರ ಕಣ್ಣುಗಳನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಕೈಗಿಟ್ಟಳು. ನನ್ನ ಕಡೆ ತಿರುಗಿ ಕೇಳಿದಳು:

"ನಿನಗ ಕಣ್ಣು ಅದಾವಲ್ಲವ್ವಾ?"

ಬೈದಿದ್ದರೆ, ಹೊಡೆದಿದ್ದರೆ...

ವಾಪಸು ಬರುವಾಗ ಕಾಕಾ, "ನಿನ್ನ ಬಾಯಿ ಕಟ್ಟಿದಾವ ನಾನವ್ವಾ. ಆ ಪಾಪ ನಂದು" ಎಂದರು. ನಾನು ಅವರ ಕೈ ಬಿಡಲಿಲ್ಲ. ಆದರೆ ಅಂದಿನಿಂದ ಇಬ್ಬರಿಗೂ ಮುಖ ಕೊಟ್ಟು ಮಾತಾಡಲಾಗಲಿಲ್ಲ. ಅವರು ಗೋನೆಗಂಡ್ಲದ ಮಗಳ ಮನೆ ಸೇರಿದರು. ಮರುವರ್ಷವೇ ತೀರಿಕೊಂಡರೆಂದು ಒಂದು ಕಾಗದ ಬಂತು. ಮಣ್ಣಿಗೆ ಹೋಗಲೂ ನನಗೆ ಆಗಲಿಲ್ಲ.

ನಾನು ಮೂವತ್ತು ವರ್ಷ ಪಾಠ ಹೇಳಿದೆ. ಒಳ್ಳೆಯ ಟೀಚರಮ್ಮ ಎಂದು ಜನ ಈಗಲೂ ಕೈ ಮುಗಿಯುತ್ತಾರೆ. ಇವತ್ತಿಗೂ ಕಾಕಾನ ನೆನಪಾದರೆ ಅಳು ಬರುತ್ತದೆ; ನೆನೆದು ಅಳಲು ಅವರ ಹೆಸರಾದರೂ ಗೊತ್ತಿದೆ. ಆ ಕೂಸಿನ ಹೆಸರೇನೆಂದು ಅಂದು ಹಟ್ಟಿಯ ಮುಂದೆ ನಿಂತಾಗಲೂ ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ, ಹೇಳುವವರು ಯಾರೂ ಉಳಿದಿಲ್ಲ.